ಹನ್ನೊಂದು ನಟ್ಟಿನ ಸೆಲೆಕ್ಟರ್

ನನ್ನ ಗಂಡನಿಗೆ ನಮ್ಮ ಬೀದಿಯಲ್ಲಿ ಎರಡು ಹೆಸರಿದ್ದವು. ಒಂದು ಸೆಲೆಕ್ಟರ್. ಅದನ್ನು ಜನ ನಗುತ್ತಾ ಕರೆಯುತ್ತಿದ್ದರು, ಅವರೂ ನಗುತ್ತಾ ಓಗೊಡುತ್ತಿದ್ದರು. ಎರಡನೆಯದನ್ನು ಅವರ ಎದುರಿಗೆ ಯಾರೂ ಹೇಳಲಿಲ್ಲ. ಭಾವನ ಅನ್ನ ಕಿತ್ತವನು ಎಂಬುದು ಆ ಹೆಸರು. ಹೋದ ವರ್ಷ ಅವರು ತೀರಿಕೊಂಡರು. ಆ ಎರಡನೆಯ ಹೆಸರನ್ನು ಹೊತ್ತುಕೊಂಡೇ ಹೋದರು. ಅದು ಸುಳ್ಳು. ನಾನು ಓದಿದ್ದು ನಾಲ್ಕನೇ ತರಗತಿ. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ಯಾರೂ ಬರೆಯುವುದಿಲ್ಲ.

ಅವರು ಒಂದು ಕಬ್ಬಿಣದ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಮಾಡುವ ಜಾಗ. ಒಬ್ಬ ಅಳತೆಗೆ ಕತ್ತರಿಸುತ್ತಾನೆ. ಒಬ್ಬ ವೆಲ್ಡಿಂಗ್ ಮಾಡಿ ಕೂಡಿಸುತ್ತಾನೆ. ಕೂಡಿಸಿದ ಕಡೆ ಗಂಟು ಗಂಟಾಗಿ ಉಳಿಯುವ ಬೆಸುಗೆಯನ್ನು ಗ್ರೈಂಡರ್ ಹಿಡಿದು ಉಜ್ಜಿ ನುಣುಪು ಮಾಡುವುದು ನಮ್ಮವರ ಕೆಲಸ. ವೆಲ್ಡಿಂಗ್ ಮಾಡುವವನ ಕೈ ಚೆನ್ನಾಗಿದ್ದರೆ ಉಜ್ಜುವವನಿಗೆ ಕೆಲಸ ಕಡಿಮೆ. ಕೈ ಕೆಟ್ಟದಿದ್ದರೆ ದಿನವೆಲ್ಲಾ ಉಜ್ಜಿದರೂ ಮುಗಿಯುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು ನನ್ನ ಒಡಹುಟ್ಟಿದ ಅಣ್ಣ. ನಮ್ಮ ಮದುವೆ ಮಾಡಿಸಿದವನೂ ಅವನೇ. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ, ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಕ್ರಿಕೆಟ್ ಬಗ್ಗೆ ಮಾತ್ರ ತಲೆ ಕೆಟ್ಟಿದೆ. ಅಮ್ಮ ಕ್ರಿಕೆಟ್ ಅಂದರೆ ಏನೋ ಕಾಯಿಲೆ ಇರಬೇಕು ಎಂದು ಹೆದರಿದ್ದಳು. ಆಮೇಲೆ ನೋಡಿದರೆ ಅಣ್ಣನಿಗೂ ಅದೇ ಕಾಯಿಲೆ. ಅವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಜಗಳ ಜೋರಾದಾಗ ಯಾವ ಭಾವ ಯಾವ ಭಾವನನ್ನು ಬೈಯುತ್ತಿದ್ದಾನೆ ಎಂದು ದಾರಿಹೋಕರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ಮನೆ ಬಾಗಿಲ ಪಕ್ಕ ಒಂದು ಕಬ್ಬಿಣದ ಬೆಂಚು ಇದೆ. ಅಣ್ಣನೇ ಮಾಡಿಕೊಟ್ಟದ್ದು. ಕೆಲಸ ಬಿಟ್ಟ ಮೇಲೆ ಇಬ್ಬರೂ ಅಲ್ಲಿ ಕೂರುತ್ತಿದ್ದರು. ಎದುರುಮನೆ ದರ್ಜಿ ಹೊಲಿಗೆ ಯಂತ್ರ ಮುಚ್ಚಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇರುವಾಗಲೇ ಬಂದು ಸೇರುತ್ತಿದ್ದ. ನಮ್ಮವರು ಒಳಗಿನಿಂದ ಒಂದು ತಗಡಿನ ಡಬ್ಬಿ ತರುತ್ತಿದ್ದರು. ಅದರಲ್ಲಿ ವರ್ಕ್‌ಶಾಪಿನ ಹಳೆಯ ನಟ್ಟುಗಳು. ಹನ್ನೊಂದು ನಟ್ಟುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರೆ ಅದು ಟೆಸ್ಟ್ ತಂಡ. ಉಳಿದವು ಡಬ್ಬಿಯಲ್ಲಿ ಹೊರಗೆ ಕಾಯುವವರು. ದಪ್ಪ ನಟ್ಟು ವಿಕೆಟ್ ಕೀಪರ್. ತುಕ್ಕು ಹಿಡಿದದ್ದು ಮೊಣಕಾಲು ನೋವಿನ ವೇಗದ ಬೌಲರ್.

ಈ ಆಟಕ್ಕೆ ಇವರು ಒಂದು ಕಟ್ಟಳೆ ಮಾಡಿದ್ದರು. ಯಾರಾದರೂ ಒಂದು ನಟ್ಟು ಎತ್ತಿ ಇವನಿಗೆ ತಂಡದಲ್ಲಿ ಜಾಗ ಇಲ್ಲ ಅಂದರೆ, ಇನ್ನೊಂದು ಕೈಯಲ್ಲಿ ಬೇರೆ ನಟ್ಟು ಇರಬೇಕು. ಬರಿಗೈಯಲ್ಲಿ ಯಾರನ್ನೂ ತೆಗೆಯುವ ಹಾಗಿಲ್ಲ. ದರ್ಜಿ ಯಾವಾಗಲೂ ಇದನ್ನು ಮರೆತು ಬೈಸಿಕೊಳ್ಳುತ್ತಿದ್ದ.

"ತೆಗಿ ತೆಗಿ ಅಂತ ಊರೆಲ್ಲಾ ಹೇಳುತ್ತೆ. ಯಾರನ್ನ ಹಾಕ್ತೀಯ, ಅದು ಹೇಳು. ಇಲ್ಲಾಂದ್ರೆ ನಟ್ಟು ಕೆಳಗಿಡು," ಎನ್ನುತ್ತಿದ್ದರು.

"ನಿನಗೇನು ಕ್ರಿಕೆಟ್ ಬೋರ್ಡಿನವರು ಸಂಬಳ ಕೊಡ್ತಾರಾ ಸೆಲೆಕ್ಟ್ರೇ?" ಎಂದು ದರ್ಜಿ ಕೆಣಕುತ್ತಿದ್ದ.

"ಕೊಡಲ್ಲ. ಅದಕ್ಕೇ ನ್ಯಾಯವಾಗಿ ಮಾಡ್ತಿರೋದು."

ಟೀವಿಯಲ್ಲಿ ಬರುವ ಆಟಗಾರರ ಹೆಸರು ನನಗೆ ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಇವರಿಟ್ಟ ಅಡ್ಡಹೆಸರುಗಳು ಮಾತ್ರ ಗೊತ್ತು. ಎಷ್ಟು ಚೆಂಡು ಹಾಕಿದರೂ ಅಲ್ಲಾಡದ ಓಪನರ್ ಒಬ್ಬನಿದ್ದ, ಅವನು ಬೆಣೆ. ಬಾಯಿ ಮುಚ್ಚದ ಕೀಪರ್ ಬಾಯಾಳಿ. ಈ ಬಾಯಾಳಿ ಕ್ಯಾಚು ಬಿಡುತ್ತಾನೆ, ಆದರೆ ರನ್ನು ಹೊಡೆಯುತ್ತಾನೆ. ಹಾಗಾಗಿ ಇರಲಿ ಎಂದು ದರ್ಜಿಯ ವಾದ. ಇವರು ಒಪ್ಪಲೇ ಇಲ್ಲ. ಚೆನ್ನಾಗಿ ಹಾಡುತ್ತಾಳೆ ಅಂತ ಅಡುಗೆಯವಳನ್ನು ಇಟ್ಟುಕೊಂಡ ಹಾಗಾಯಿತು ಎಂದರು. ನಾನು ಒಳಗಿನಿಂದ, ಹಾಡೂ ಇಲ್ಲದೆ ಅಡುಗೆ ಮಾಡುವವಳಿಗೆ ಯಾವ ಜಾಗ ಎಂದು ಕೇಳಿದೆ.  ಅಣ್ಣ, "ಇವಳು ಕ್ಯಾಪ್ಟನ್ ಕಣೋ ಭಾವ, ಇವಳನ್ನ ಯಾರೂ ತೆಗೆಯೋಕಾಗಲ್ಲ" ಅಂದ.

ಆದರೆ ದೊಡ್ಡ ಜಗಳ ಎಂದರೆ ಎಡಗೈಯಪ್ಪನದು. ಅವನು ಐದನೆಯವನಾಗಿ ಆಡಲು ಬರುವ ಎಡಗೈ ಬ್ಯಾಟ್ಸ್‌ಮನ್. ಬಹಳ ವರ್ಷದಿಂದ ತಂಡದಲ್ಲಿದ್ದ. ಒಂದು ಕಾಲದಲ್ಲಿ ಅವನು ಆಡಿದರೆ ಬೀದಿಯಲ್ಲಿ ಓಡಾಟ ನಿಲ್ಲುತ್ತಿತ್ತಂತೆ. ಈಗ ವಯಸ್ಸಾಗಿತ್ತು. ಅಣ್ಣನಿಗೆ ಅವನೆಂದರೆ ಪ್ರಾಣ. ಇವರು ಅವನ ನಟ್ಟನ್ನು ದಿನವೂ ಎತ್ತುತ್ತಿದ್ದರು.

"ಚೆಂಡು ಹೋದ ಮೇಲೆ ಬ್ಯಾಟು ಬರ್ತಾ ಇದೆ ಭಾವ. ಅವನಿಗೆ ಚೆಂಡು ಕಾಣ್ತಾ ಇಲ್ಲ."

"ನಿನಗೆ ಕಾಣ್ತಾ ಇದೆಯಾ? ಟೀವಿ ಎದುರು ಕೂತ್ರೆ ಎಲ್ಲಾರಿಗೂ ಕಾಣುತ್ತೆ."

"ಹಳೇ ಊಟ ನೆನೆಸಿಕೊಂಡ್ರೆ ಇವತ್ತಿನ ಹೊಟ್ಟೆ ತುಂಬಲ್ಲ. ಇವತ್ತು ಏನು ಆಡ್ತಾನೆ ಅದಕ್ಕೆ ಜಾಗ."

"ಅಷ್ಟು ವರ್ಷ ತಂಡನ ಹೊತ್ತವನು. ಒಂದು ಮರ್ಯಾದೆ ಬೇಡ್ವಾ?"

"ಮರ್ಯಾದೆ ಬೇರೆ, ಜಾಗ ಬೇರೆ."

ಅಣ್ಣ ಸಿಟ್ಟಿನಿಂದ ಎದ್ದು ಹೋಗುತ್ತಿದ್ದ. ಮಾರನೆಯ ದಿನ ಅದೇ ಹೊತ್ತಿಗೆ ಬಂದು ಅದೇ ಜಾಗದಲ್ಲಿ ಕೂರುತ್ತಿದ್ದ. ಅವನ ಮಕ್ಕಳು, ನಮ್ಮ ಮಗಳು, ಎಲ್ಲರೂ ಆ ಜಗಳ ಕೇಳಿಯೇ ದೊಡ್ಡವರಾದರು. ಅತ್ತಿಗೆ ಒಮ್ಮೆ ನನಗೆ ಹೇಳಿದಳು, ಇವರಿಬ್ಬರ ಜಗಳ ನಿಂತ ದಿನ ನಾವು ಹೆದರಬೇಕು ಎಂದು. ನಾನು ನಕ್ಕಿದ್ದೆ.

ಜಗಳ ನಿಲ್ಲುವ ಮೊದಲು ಒಂದು ವಿಚಿತ್ರವಾಯಿತು. ಒಂದು ಸಂಜೆ ದರ್ಜಿ ಎಡಗೈಯಪ್ಪನ ನಟ್ಟು ಎತ್ತಿ, ಇನ್ನೊಂದು ಕೈಯಲ್ಲಿ ಬೇರೆ ನಟ್ಟನ್ನೂ ಕಟ್ಟಳೆ ಪ್ರಕಾರ ಹಿಡಿದು, ಸೆಲೆಕ್ಟರ್ ಮೆಚ್ಚುತ್ತಾರೆ ಎಂದು ಕಾಯುತ್ತಿದ್ದ. ಇವರು ನಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ಸಾಲಿನಲ್ಲೇ ಇಟ್ಟರು. ಇನ್ನೊಂದು ಸರಣಿ ನೋಡೋಣ ಎಂದರು. ದರ್ಜಿಗೆ ನಂಬಲಾಗಲಿಲ್ಲ. ಸೂರ್ಯ ಯಾವ ಕಡೆ ಹುಟ್ಟಿದ ಎಂದು ಎದ್ದು ನೋಡಿದ. ಅಣ್ಣ ಖುಷಿಪಡಬೇಕಿತ್ತು. ಖುಷಿಪಡಲಿಲ್ಲ. ನೆಲ ನೋಡುತ್ತಾ ಕೂತಿದ್ದ.

ಅಲ್ಲಿಂದ ಸುಮಾರು ಒಂದು ವರ್ಷ ಇವರು ಎಡಗೈಯಪ್ಪನ ಪರವಾಗಿಯೇ ಮಾತನಾಡಿದರು. ಅವನ ಕಾಲು ಸರಿಯಾಗಿ ಬರುತ್ತಿದೆ, ಅದೃಷ್ಟ ಇಲ್ಲ, ಪಿಚ್ಚು ಕೆಟ್ಟದು, ಅಂಪೈರು ಕುರುಡ. ಏನೇನೋ ಹೇಳುತ್ತಿದ್ದರು. ವಯಸ್ಸಾದ ಮೇಲೆ ಸೆಲೆಕ್ಟರ್ ಮೆತ್ತಗಾದರು ಎಂದು ಬೀದಿಯವರು ಆಡಿಕೊಂಡರು. ನಾನೂ ಹಾಗೇ ಅಂದುಕೊಂಡೆ. ಅದೇ ವರ್ಷ ಅವರು ಮಧ್ಯಾಹ್ನದ ಬುತ್ತಿಯನ್ನು ಅರ್ಧ ಹಾಗೇ ವಾಪಸ್ ತರುತ್ತಿದ್ದರು. ತಿನ್ನಲು ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ಎಲ್ಲರೂ ಊಟಕ್ಕೆ, ಟೀಗೆ ಹೋಗುವ ಹೊತ್ತಿನಲ್ಲಿ ಇವರಿಗೆಂಥಾ ಕೆಲಸ ಎಂದು ನನಗೆ ತಿಳಿಯಲಿಲ್ಲ.

ಆಮೇಲೆ ಒಂದು ದಿನ ಕೆಲಸದಿಂದ ಬಂದವರು ಕೈಕಾಲು ತೊಳೆಯದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಆ ದಿನ ಒಂದು ಶಾಲೆಗೆ ಮೇಲಿನ ಮಹಡಿಯ ಅಂಚಿನ ಕಂಬಿ ಕೂರಿಸಲು ಹೋಗಿದ್ದರು ಎಂದು ನನಗೆ ಗೊತ್ತಿತ್ತು. ಏನಾಯಿತು ಎಂದರೆ ಏನಿಲ್ಲ ಎಂದರು. ನೀರು ಕೊಟ್ಟೆ. ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟು ತಮ್ಮ ಅಂಗೈ ನೋಡುತ್ತಾ ಕೂತರು.  ದಣಿವು ಎಂದುಕೊಂಡೆ.

ಆ ಹೊತ್ತಿಗೆ ವರ್ಕ್‌ಶಾಪಿಗೆ ಕೆಲಸ ಕಡಿಮೆಯಾಗಿತ್ತು. ರೆಡಿಮೇಡ್ ಗೇಟುಗಳು ಬಂದಿದ್ದವು. ಇಬ್ಬರು ವೆಲ್ಡರುಗಳಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿದ್ದರು. ಒಬ್ಬ ಅಣ್ಣ. ಇನ್ನೊಬ್ಬ ಎರಡು ವರ್ಷದ ಹಿಂದೆ ಸೇರಿದ ಕಿರಿಯ. ಅಣ್ಣನ ಬೆಸುಗೆ ಉಜ್ಜುವುದೇ ಬೇಡ, ಎಳೆದ ಗೆರೆಯಂತಿರುತ್ತದೆ ಎಂಬುದು ಎಲ್ಲರೂ ಹೇಳುತ್ತಿದ್ದ ಮಾತು. ಕಿರಿಯನದು ಗಂಟು ಗಂಟು, ಆದರೆ ಕೈ ಚುರುಕು. ಮಾಲೀಕರಿಗೆ ನಿರ್ಧಾರ ಮಾಡಲಾಗಲಿಲ್ಲ. ಇಬ್ಬರ ಬೆಸುಗೆಯೂ ನಿನ್ನ ಕೈಗೇ ಬರುವುದು, ನೀನೇ ಹೇಳು ಎಂದು ಇವರನ್ನು ಕೇಳಿದರು.

ದಿನವೂ ಬೆಂಚಿನ ಮೇಲೆ ಯಾರ್ಯಾರನ್ನೋ ತೆಗೆದು ಯಾರ್ಯಾರನ್ನೋ ಹಾಕಿದವರು. ಅವರನ್ನು ನಿಜವಾಗಿ ಒಬ್ಬರು ಕೇಳಿದ್ದು ಅದೇ ಮೊದಲು.

ಇವರು ಕಿರಿಯನ ಹೆಸರು ಹೇಳಿದರು. ಕಾರಣ ಹೇಳಲಿಲ್ಲವಂತೆ. ಮಾಲೀಕರು ಕೇಳಿದಾಗ, ಕೇಳಿದಿರಿ, ಹೇಳಿದೆ ಎಂದಷ್ಟೇ ಅಂದರಂತೆ. ಮನೆಗೆ ಬಂದು ನನಗೆ ಹೇಳಿದರು. ನಾನು ತಟ್ಟೆ ಹಾಕುತ್ತಿದ್ದವಳು ನಿಂತೆ. ನನ್ನ ಅಣ್ಣ ಅಲ್ವಾ ಎಂದೆ. ಹೌದು ಎಂದರು. ಮಾಲೀಕರ ಬಾಯಿಂದ ಕೇಳುವುದು ಬೇಡ, ನಾನೇ ಹೇಳಿಬರುತ್ತೇನೆ ಎಂದು ಅಂಗಿ ಹಾಕಿಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ.

ಅಣ್ಣನ ಮನೆಯ ಅಂಗಳದಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಇವರು ಕೂರಲಿಲ್ಲ.

"ಭಾವ, ಮಾಲೀಕರು ಕೇಳಿದ್ರು. ಕಿರಿಯನ್ನ ಇಟ್ಕೊಳ್ಳಿ ಅಂದಿದೀನಿ."

 ಅತ್ತಿಗೆಯ ಕೈಯಲ್ಲಿ ಮಡಿಸಿದ ಬಟ್ಟೆ ಹಾಗೇ ಇತ್ತು. ಆಮೇಲೆ ಅಣ್ಣ ನಿಧಾನವಾಗಿ ಹೇಳಿದ. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ನನ್ನ ಬೆಸುಗೆಗೆ ನಿನ್ನ ಗ್ರೈಂಡರ್ ಬೇಕಾಗಿರಲಿಲ್ಲ. ನಾನೊಬ್ಬನೇ ಉಳಿದ್ರೆ ನಿನಗೆ ಉಜ್ಜೋಕೆ ಏನಿರ್ತಿತ್ತು? ನಿನ್ನ ಜಾಗ ಉಳಿಸಿಕೊಳ್ಳೋಕೆ ನನ್ನ ತೆಗೆದೆ."

ಇವರು ಅಣ್ಣನ ಮುಖ ನೋಡಿದರು. ಆಮೇಲೆ ಅತ್ತಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ತೆರೆದರು. ಏನೋ ಬರುತ್ತದೆ ಎಂದು ನಾನು ಕಾದೆ. ಮಾತಿಗೆ ಮಾತು ಹಾಕದೆ ಒಂದು ಸಂಜೆಯೂ ಕಳೆಯದ ಮನುಷ್ಯ. ಬಾಯಿ ಮುಚ್ಚಿದರು. ಅಣ್ಣನ ಹತ್ತಿರ ಬಗ್ಗಿ ಕಿವಿಯಲ್ಲಿ ಒಂದು ಮಾತು ಹೇಳಿದರು, ನನಗೆ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟರು. ದಾರಿಯಲ್ಲಿ ನಾನು ಕೇಳಿದೆ, ಅವನು ಹೇಳಿದ್ದು ನಿಜವಾ ಎಂದು. ಬಿಡು ಎಂದರು. ಅಷ್ಟೇ.

ಊರ ಬಾಯಿಗೆ ಮುಚ್ಚಳವಿಲ್ಲ. ಅಣ್ಣ ಹೇಳಿದ ಮಾತು ಅಂಗಳದಿಂದ ಬೀದಿಗೆ ಬಂತು, ಬೀದಿಯಿಂದ ವರ್ಕ್‌ಶಾಪಿಗೆ ಹೋಯಿತು. ಕೇಳಿದವರಿಗೆಲ್ಲಾ ಸರಿ ಎನಿಸಿತು. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತಲ್ಲ. ಒಳ್ಳೆಯ ವೆಲ್ಡರ್ ಹೋದ, ಉಜ್ಜುವವನಿಗೆ ಕೆಲಸ ಉಳಿಯಿತು. ಹೆಣ್ಣು ಕೊಟ್ಟ ಮನೆಗೇ ಕನ್ನ ಹಾಕಿದ ಎಂದರು. ದರ್ಜಿ ಬೆಂಚಿಗೆ ಬರುವುದನ್ನು ಬಿಟ್ಟ. ಯಂತ್ರ ಮುಚ್ಚಿ, ಟೇಪು ತೆಗೆದಿಟ್ಟು, ಒಳಗೇ ಇರುತ್ತಿದ್ದ. ನನ್ನ ತವರು ಮನೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಆದರೂ ಇಲ್ಲದ ಹಾಗೆ ಆಯಿತು. ಅತ್ತಿಗೆ ಎದುರಿಗೆ ಸಿಕ್ಕರೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಮುಂದಿನ ಸರಣಿಗೆ ಎಡಗೈಯಪ್ಪನನ್ನೂ ತಂಡದಿಂದ ಕೈಬಿಟ್ಟರು. ಟೀವಿಯಲ್ಲಿ ಹೇಳಿದಾಗ ಇವರು ಎದ್ದು ಅದನ್ನು ಬಂದ್ ಮಾಡಿದರು. ಅವನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿಯೇ ಆಡಿದ. ಹಿಂದೆ ಇವರು ಹೇಳುತ್ತಿದ್ದ ಮಾತೇ ಸರಿಯಾಯಿತು. ಅದನ್ನು ಹೇಳಿಕೊಳ್ಳಲು ಬೆಂಚಿನ ಮೇಲೆ ಯಾರೂ ಇರಲಿಲ್ಲ. ಡಬ್ಬಿಯನ್ನು ಒಳಗೆ ಅಟ್ಟದ ಮೇಲಿಟ್ಟರು. ಸಂಜೆ ಬೆಂಚಿನ ಮೇಲೆ ಒಬ್ಬರೇ ಕೂತು ಹೋಗಿಬರುವವರನ್ನು ನೋಡುತ್ತಿದ್ದರು. ಕೆಲವರು ತಲೆಯಾಡಿಸುತ್ತಿದ್ದರು. ಸೆಲೆಕ್ಟರ್ ಎಂದು ಯಾರೂ ಕರೆಯಲಿಲ್ಲ.

ಅಣ್ಣ ದೊಡ್ಡ ರಸ್ತೆಯ ಪಕ್ಕ ಒಂದು ಸಣ್ಣ ಶೆಡ್ಡು ಹಾಕಿಕೊಂಡ. ಮುರಿದ ಸ್ಟೂಲು, ತಳ್ಳುಗಾಡಿಯ ಚೌಕಟ್ಟು, ಬಕೆಟಿನ ಹಿಡಿ, ಇಂಥವಕ್ಕೆ ಬೆಸುಗೆ ಹಾಕುತ್ತಿದ್ದ. ಅಷ್ಟು ದೊಡ್ಡ ಕೈ, ಬಕೆಟಿನ ಹಿಡಿಗೆ ಬಂತಲ್ಲ ಎಂದು ಜನ ಮರುಗಿದರು. ನಮ್ಮವರ ಮೇಲೆ ಇನ್ನಷ್ಟು ಸಿಟ್ಟಾದರು.

ಇಷ್ಟು ವರ್ಷ ಕಬ್ಬಿಣದ ಪುಡಿ ಕುಡಿದ ನಮ್ಮವರ ಎದೆ ಕೊನೆಗೆ ಕೈಕೊಟ್ಟಿತು. ಮೊದಲು ಕೆಮ್ಮು. ಆಮೇಲೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಆಮೇಲೆ ಮಂಚ. ಮಂಚವನ್ನು ಕಿಟಕಿಯ ಪಕ್ಕ ಹಾಕಿದೆ. ಕಿಟಕಿಯ ಆಚೆಗೇ ಬೆಂಚು. ಮಗಳು ಗಂಡನ ಮನೆಯಿಂದ ಬಂದು ಹೋಗಿ ಮಾಡುತ್ತಿದ್ದಳು. ಟೀವಿಯನ್ನು ಇವರ ಕಾಲಿನ ಕಡೆ ತಿರುಗಿಸಿ ಇಟ್ಟವಳೂ ಅವಳೇ.

ಒಂದು ಟೆಸ್ಟ್ ನಡೆಯುತ್ತಿತ್ತು. ಸಂಜೆ ಇನ್ನೂ ಬಿಸಿಲಿತ್ತು. ಹೊರಗೆ ಬೆಂಚಿನ ಸದ್ದಾಯಿತು. ನೋಡಿದರೆ ಅಣ್ಣ ಕೂತಿದ್ದಾನೆ. ಒಳಗೆ ಬಾ ಅಂದೆ. ಇಲ್ಲೇ ಸರಿ ಅಂದ. ಟೀ ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಅವನ ಕೈ ಲೋಟದ ಪಕ್ಕಕ್ಕೆ ಹೋಯಿತು, ಆಮೇಲೆ ಸಿಕ್ಕಿತು. ನಾನು ಅದನ್ನು ನೋಡಿದೆ. ಏನೂ ಅಂದುಕೊಳ್ಳಲಿಲ್ಲ.

ಒಳಗೆ ಇವರು ಕೇಳಿಸಿಕೊಂಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನಗೆ, ಆದರೆ ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳಿದರು.

"ಇವತ್ತು ಮೂರು ಸ್ಪಿನ್ನರ್ ಹಾಕಿದಾರೆ ಕಣೇ. ಬುದ್ಧಿ ಇದೆಯಾ ಇವರಿಗೆ?"

ಹೊರಗಿನಿಂದ ಅಣ್ಣ, ಅವನೂ ನನಗೇ ಹೇಳಿದ. "ಪಿಚ್ಚು ನೋಡು ಅನ್ನು ಅವನಿಗೆ. ಗದ್ದೆ ಹಾಗಿದೆ. ಮೂರಲ್ಲ, ಐದು ಹಾಕಬಹುದಿತ್ತು."

"ಯಾರನ್ನ ತೆಗೀತಾನಂತೆ, ಕೇಳು."

"ಬಾಯಾಳಿನ."

"ಕೀಪರ್ ಯಾರು ಹಾಗಾದ್ರೆ? ಇವನು ಹೋಗಿ ನಿಲ್ತಾನಂತಾ?"

ನಾನು ಒಲೆಯ ಮುಂದೆ ನಿಂತಿದ್ದೆ. ನನ್ನ ಹೆಸರಿನಲ್ಲಿ ಇಬ್ಬರೂ ಮಾತನಾಡುತ್ತಿದ್ದರು, ನಾನು ಒಂದು ಮಾತೂ ದಾಟಿಸಲಿಲ್ಲ. ಅವರಿಗೇ ಕೇಳಿಸುತ್ತಿತ್ತು. ಬಹಳ ದಿನಗಳ ಮೇಲೆ ಇವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ತಟ್ಟುತ್ತಿದ್ದಾಗ ಅಣ್ಣ ಕಿಟಕಿಯ ಸರಳು ಹಿಡಿದು ಎದ್ದು ನಿಂತಿದ್ದ. ಏನೋ ಹೇಳಲು ಬಂದವನ ಹಾಗಿದ್ದ.  "ನಾಳೆ ಬರ್ತೀನಿ ಅನ್ನು," ಎಂದು ನನಗೆ ಹೇಳಿ ಹೋದ.

ನಾಳೆ ಬರಲಿಲ್ಲ. ಅದರ ನಾಳೆಯೂ ಬರಲಿಲ್ಲ. ಇವರು ಸಂಜೆಯಾದರೆ ಕಿಟಕಿ ಕಡೆಗೆ ಮುಖ ಮಾಡಿ ಮಲಗುತ್ತಿದ್ದರು. ಟೆಸ್ಟ್ ಮುಗಿಯಿತು. ಯಾರು ಗೆದ್ದರು ಎಂದು ನನಗೆ ನೆನಪಿಲ್ಲ. ಅದಾದ ವಾರದಲ್ಲಿ ಒಂದು ಬೆಳಿಗ್ಗೆ ಇವರು ಹೋದರು.

ಅಣ್ಣ ಬಂದ, ಹೊತ್ತ, ಹೋದ. 

ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಮತ್ತೆ ಬಂದು ಬೆಂಚಿನ ಮೇಲೆ ಕೂತ. ಈಗ ಕೋಲು ಹಿಡಿದಿದ್ದ. ಕಣ್ಣಿಗೆ ದಪ್ಪ ಕನ್ನಡಕ. ಶೆಡ್ಡು ಮುಚ್ಚಿದೆ, ಡಾಕ್ಟರು ಇನ್ನು ಬೆಂಕಿಯ ಹತ್ತಿರ ಹೋಗಬೇಡಿ ಎಂದಿದ್ದಾರೆ ಎಂದ. ನಾನು ಕೇಳದೆಯೇ ಹೇಳತೊಡಗಿದ. ನೆಲ ನೋಡುತ್ತಾ ಹೇಳಿದ.

ವರ್ಕ್‌ಶಾಪು ಬಿಡುವುದಕ್ಕೆ ಒಂದು ವರ್ಷ ಮೊದಲೇ ಅವನ ಕಣ್ಣು ಮಬ್ಬಾಗಿತ್ತಂತೆ. ಎರಡು ಕಂಬಿ ಸೇರುವ ಗೆರೆ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ವೆಲ್ಡಿಂಗ್ ರಾಡು ಎಳೆಯುತ್ತಿದ್ದ. ಬೆಸುಗೆ ಪಕ್ಕಕ್ಕೆ ಹೋಗುತ್ತಿತ್ತು. ನಮ್ಮವರಿಗೆ ಮೊದಲ ದಿನವೇ ಗೊತ್ತಾಯಿತು, ಉಜ್ಜುವವರಲ್ಲವಾ. ಅವರು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಎಲ್ಲರೂ ಊಟಕ್ಕೆ, ಟೀಗೆ ಹೋದಾಗ ಉಳಿದುಕೊಂಡು, ಅಣ್ಣ ಹಾಕಿದ ಕಡೆಯೆಲ್ಲಾ ತಾವೇ ಇನ್ನೊಂದು ಬೆಸುಗೆ ಹಾಕುತ್ತಿದ್ದರು. ಅದು ಒರಟು ಬೆಸುಗೆ, ಅವರಿಗೆ ಆ ಕೆಲಸ ಸರಿಯಾಗಿ ಬರುತ್ತಿರಲಿಲ್ಲ. ಗಟ್ಟಿಯಿದ್ದರೆ ಸಾಕು. ಮೇಲೆ ಉಜ್ಜಿಬಿಟ್ಟರೆ ಯಾರ ಕೈ ಎಂದು ತಿಳಿಯುವುದಿಲ್ಲ.

ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ.

"ರಾಡಿನ ಡಬ್ಬಿ ಬೇಗ ಖಾಲಿ ಆಗ್ತಿತ್ತು. ನಾನು ಅಷ್ಟು ಸುಡ್ತಿರಲಿಲ್ಲ."

ಆಮೇಲೆ ಆ ಶಾಲೆಯ ಕಂಬಿ. ಅವಸರದ ಕೆಲಸ, ಎಲ್ಲವನ್ನೂ ಸರಿಮಾಡಲು ಇವರಿಗೆ ಹೊತ್ತು ಸಿಕ್ಕಿರಲಿಲ್ಲ. ಮೇಲಿನ ಮಹಡಿಯಲ್ಲಿ ಕೂರಿಸಿ, ಎಳೆದು ನೋಡಿದರೆ ಒಂದು ಸರಳು ಕಿತ್ತು ಇವರ ಕೈಗೇ ಬಂತು. ಕೆಳಗೆ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಆ ಕಂಬಿಯನ್ನು ಪೂರಾ ಬಿಚ್ಚಿ ತಂದು, ಕಿರಿಯನ ಕೈಯಲ್ಲಿ ಮತ್ತೆ ಮಾಡಿಸಿದರು. ಅಳತೆ ತಪ್ಪಿದೆ ಎಂದು ಮಾಲೀಕರಿಗೆ ಸುಳ್ಳು ಹೇಳಿದರು. ಅಣ್ಣ ಅಲ್ಲೇ ಇದ್ದ. ನೋಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ನಿನ್ನ ಮನೆ ಅಂಗಳದಲ್ಲಿ ಆ ದಿನ ಇವರು ಕಿವಿಯಲ್ಲಿ ಹೇಳಿದ್ದೇನು ಎಂದೆ.

"ಮಹಡಿ ಕೆಲಸ ಮಾತ್ರ ಹಿಡೀಬೇಡ ಭಾವ ಅಂದ. ಇನ್ನೇನೂ ಹೇಳಲಿಲ್ಲ. ನನ್ನ ಕಣ್ಣು ಹೋಗಿದೆ ಅಂತ ಅವನು ಬಾಯಿಬಿಟ್ಟಿದ್ರೆ ಬಕೆಟಿಗೂ ಯಾರೂ ಕರೀತಿರಲಿಲ್ಲ ನನ್ನ."

ಕೋಲಿನ ತುದಿಯಿಂದ ನೆಲ ಕೆರೆಯುತ್ತಾ, "ನಾನು ಗ್ರೈಂಡರ್ ಮಾತು ಆಡಿದಾಗ ಅವನು ಒಂದು ಮಾತು ಹೇಳಬಹುದಿತ್ತು," ಅಂದ.

"ನೀನು ಒಂದು ಮಾತು ಹೇಳಬಹುದಿತ್ತು," ಅಂದೆ.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದರೂ ಅಷ್ಟೇ, ಒರೆಸದಿದ್ದರೂ ಅಷ್ಟೇ. ನನಗೆ ಇವರ ಅರ್ಧ ಬುತ್ತಿ ನೆನಪಾಯಿತು. ಇನ್ನೊಂದು ಸರಣಿ ನೋಡೋಣ ಎಂದು ನಟ್ಟನ್ನು ವಾಪಸ್ ಇಟ್ಟ ಕೈ ನೆನಪಾಯಿತು. ಆ ವರ್ಷವೆಲ್ಲಾ ಅಣ್ಣನ ಎದುರು ಕೂತು, ಕಣ್ಣು ಮಂಜಾದವನನ್ನು ತೆಗೆಯಿರಿ ಎಂದು ಇವರ ಬಾಯಿಗೆ ಬರಲಿಲ್ಲ. ಅಂಪೈರನ್ನೇ ಕುರುಡ ಎಂದರು.

ಸಿಟ್ಟು ಬಂತು. ಇವರ ಮೇಲೂ ಬಂತು. ಊರವರ ಎದುರು ಬೇಡ, ನನಗಾದರೂ ಹೇಳಬಾರದಿತ್ತಾ. ಹೇಳಿದ್ದರೆ ನಾನು ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಮುಂದೆ ಕೂಗಾಡುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ.

ನಾನು ಅಣ್ಣನಿಗೆ ಹೇಳಿದೆ. "ನನ್ನ ಹತ್ತಿರ ಹೇಳಿದ್ರೆ ಆಗಲಿಲ್ಲ. ಬೀದಿ ತುಂಬಾ ಆಡಿದ್ದು ನೀನು. ಸಂಜೆವರೆಗೂ ಕೂತಿರು. ದರ್ಜಿನ ಕರೀತೀನಿ. ಅವನ ಮುಂದೆ ಹೇಳು. ಅವನಿಗೆ ಹೇಳಿದ್ರೆ ಬೀದಿಗೆಲ್ಲಾ ಹೇಳಿದ ಹಾಗೆ."

ಆಯಿತು ಎಂದು ತಲೆಯಾಡಿಸಿದ.

ದರ್ಜಿ ಬಂದ. ಬಹಳ ವರ್ಷದ ಮೇಲೆ ಆ ಬೆಂಚಿಗೆ ಬಂದದ್ದು. ಮುಜುಗರದಿಂದ ತುದಿಯಲ್ಲಿ ಕೂತ. ನಾನು ಅಟ್ಟದ ಮೇಲಿನ ಡಬ್ಬಿ ಇಳಿಸಿ ತಂದು ಇಬ್ಬರ ನಡುವೆ ಇಟ್ಟೆ. ಟೀ ಮಾಡಲು ಒಳಗೆ ಹೋದೆ. ಒಲೆಯನ್ನು ಸಣ್ಣ ಮಾಡಿ ಕಿವಿ ಹೊರಗಿಟ್ಟೆ.

ದರ್ಜಿ, ಐದನೇ ಜಾಗಕ್ಕೆ ಈಗ ಯಾರೂ ಸರಿಯಿಲ್ಲ ನೋಡು ಎಂದ. ಅಣ್ಣ, ಹೌದು, ಆ ಹುಡುಗನೂ ಸುಸ್ತಾಗಿದ್ದಾನೆ ಎಂದ. ದರ್ಜಿ ಡಬ್ಬಿ ಅಲ್ಲಾಡಿಸಿ ಒಂದು ನಟ್ಟು ತೆಗೆದ. ಅಣ್ಣ, ಯಾರನ್ನ ಹಾಕ್ತೀಯ ಅದು ಹೇಳು ಎಂದ. ದರ್ಜಿ ನಕ್ಕ. ಆಮೇಲೆ ಸ್ಪಿನ್ನರ್ ಮಾತು ಬಂತು, ಕೀಪರ್ ಮಾತು ಬಂತು. ಟೀ ಕೊಟ್ಟೆ, ಕುಡಿದರು. ನಾನು ಬಾಗಿಲಲ್ಲಿ ನಿಂತೆ. ಅಣ್ಣನಿಗೆ ನಾನು ನಿಂತದ್ದು ಕಂಡಿತೋ ಇಲ್ಲವೋ. ಗೊತ್ತಂತೂ ಆಯಿತು, ಮಾತು ಜೋರು ಮಾಡಿದ. ಬೀದಿದೀಪ ಹತ್ತಿದಾಗ ಕೋಲು ಹುಡುಕಿಕೊಂಡು ಎದ್ದ. ಬರ್ತೀನಿ ತಂಗಿ ಅಂದ. ಹೋದ.

ಹೇಳಲಿಲ್ಲ.

ನಾನು ಅವನನ್ನು ದೂರ ಮಾಡಿಲ್ಲ. ಅವನು ಈಗಲೂ ಬರುತ್ತಾನೆ, ಬೆಂಚಿನ ಮೇಲೆ ಕೂರುತ್ತಾನೆ, ಟೀ ಕೊಡುತ್ತೇನೆ. ಒಡಹುಟ್ಟಿದವನು. ಆ ಮಾತು ಹೇಳಿದರೆ ಅವನಿಗೆ ಉಳಿಯುವುದು ಏನೂ ಇಲ್ಲ, ಅದೂ ನನಗೆ ತಿಳಿಯುತ್ತದೆ. ಆದರೆ ಇವರಿಗೂ ಹೆಸರೊಂದೇ ಉಳಿದಿರುವುದು. ಅದನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ. ಅವರು ಯಾರನ್ನೂ ತಮ್ಮ ಜಾಗಕ್ಕೋಸ್ಕರ ತೆಗೆಯಲಿಲ್ಲ. ತೆಗೆಯಬೇಕಾದವನನ್ನು ಒಂದು ವರ್ಷ ಊಟ ಬಿಟ್ಟು ಉಳಿಸಿದರು. ಆಮೇಲೆ ಉಳಿಸಲಾಗಲಿಲ್ಲ.

ಅದಕ್ಕೆ ಬರೆದೆ. ಅಣ್ಣನಿಗೆ ಓದಲು ಈಗ ಕಣ್ಣಿಲ್ಲ. ದರ್ಜಿ ಓದಿ ಹೇಳುತ್ತಾನೆ.